ಒಂದು ಕರ್ಣ ಸಾಧಿಸಿಕೊಡುವ ಗುಣಗಳು: ಸಮಾಂತರ ಚತುರ್ಭುಜದ ಪಾಠ

ಅಭಿಮುಖ ಬಾಹುಗಳ ಎರಡು ಜೋಡಿಗಳೂ ಸಮಾಂತರವಾಗಿರುವ ಚತುರ್ಭುಜವೇ ಸಮಾಂತರ ಚತುರ್ಭುಜ. ಈ ವ್ಯಾಖ್ಯೆಯಲ್ಲಿ ಬಾಹುಗಳ ಉದ್ದದ ಮಾತಾಗಲಿ ಕೋನಗಳ ಅಳತೆಯಾಗಲಿ ಇಲ್ಲವಾದ್ದರಿಂದ, ಅಭಿಮುಖ ಬಾಹುಗಳು ಸಮವೆಂದು ಮೊದಲೇ ಒಪ್ಪಿಕೊಂಡು ಹೊರಡುವ ವಿದ್ಯಾರ್ಥಿ ಸಾಧಿಸಬೇಕಾದುದನ್ನೇ ಆಧಾರವಾಗಿ ಬಳಸಿದಂತಾಗುತ್ತದೆ. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ವಿಂಗಡಿಸಿ ಬರೆಯುವ ಶಾಲಾ ಪದ್ಧತಿ ಈ ತಪ್ಪನ್ನು ತಡೆಯುವುದಕ್ಕಾಗಿಯೇ ಇದೆ. ಅದನ್ನು ಬರಿಯ ಶಿಷ್ಟಾಚಾರವೆಂದು ಭಾವಿಸಬಾರದು.

ಮೊದಲು ಅಬಕಡ ಎಂಬ ಸಮಾಂತರ ಚತುರ್ಭುಜವನ್ನು ಆಯತದಂತೆ ಕಾಣದಷ್ಟು ಓರೆಯಾಗಿ ಬರೆದು, ಅಕ ಕರ್ಣವನ್ನು ಎಳೆಯಬೇಕು. ಈ ಕರ್ಣವು ಸಮಾಂತರ ರೇಖೆಗಳನ್ನು ಕತ್ತರಿಸುವ ಛೇದಕವಾದ್ದರಿಂದ, ಅದರ ಎರಡು ಪಕ್ಕಗಳಲ್ಲಿ ಒಳಗಡೆ ಏರ್ಪಡುವ ಪರ್ಯಾಯ ಕೋನಗಳು ಸಮವಾಗುತ್ತವೆ: ಅಬ ಮತ್ತು ಡಕ ಸಮಾಂತರವಾಗಿರುವುದರಿಂದ ಬಅಕ ಕೋನವು ಡಕಅ ಕೋನಕ್ಕೆ, ಬಕ ಮತ್ತು ಅಡ ಸಮಾಂತರವಾಗಿರುವುದರಿಂದ ಬಕಅ ಕೋನವು ಡಅಕ ಕೋನಕ್ಕೆ ಸಮ. ಅಕ ಎರಡೂ ತ್ರಿಭುಜಗಳಿಗೆ ಸಾಮಾನ್ಯ ಬಾಹುವಾದ್ದರಿಂದ ಕೋನ-ಬಾಹು-ಕೋನ ನಿಯಮದಂತೆ ಅವು ಸರ್ವಸಮ, ಅಂದರೆ ಆಕಾರದಲ್ಲೂ ಗಾತ್ರದಲ್ಲೂ ಒಂದೇ. ಅಭಿಮುಖ ಬಾಹುಗಳ ಮತ್ತು ಅಭಿಮುಖ ಕೋನಗಳ ಸಮತೆ ಇಲ್ಲಿಂದಲೇ ದೊರೆಯುತ್ತದೆ. ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಕೃತಿಯ ಮೊದಲ ಭಾಗದ 34ನೆಯ ಪ್ರಮೇಯದಲ್ಲಿ ಹಿಡಿದ ದಾರಿಯೂ ಇದೇ.

ಅನಂತರ ಬಡ ಕರ್ಣವನ್ನೂ ಎಳೆದು ಛೇದನ ಬಿಂದುವನ್ನು ಮ ಎಂದು ಕರೆದರೆ, ಅಮಬ ಮತ್ತು ಕಮಡ ತ್ರಿಭುಜಗಳು ಅದೇ ನಿಯಮದಿಂದ ಸರ್ವಸಮವಾಗಿ, ಕರ್ಣಗಳು ಪರಸ್ಪರ ಅರ್ಧಿಸುತ್ತವೆಂದು ಸಿದ್ಧವಾಗುತ್ತದೆ.

ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಈ ಪಾಠಕ್ಕೆ ಪ್ರತ್ಯಕ್ಷ ಬೆಲೆಯಿದೆ. ಹನಕೆರೆಯ ಗದ್ದೆಯೊಂದರ ಬದುಗಳು ಸಮಾಂತರವೇ ಎಂದು ನೇರವಾಗಿ ಅಳೆಯುವುದು ಕಷ್ಟ, ಆದರೆ ಉದ್ದವನ್ನು ಅಳೆಯಬಹುದು; ಅಭಿಮುಖ ಬಾಹುಗಳು ಸಮವಾಗಿದ್ದರೆ ಚತುರ್ಭುಜವು ಸಮಾಂತರ ಚತುರ್ಭುಜವೇ ಎಂಬ ವಿಲೋಮ ಪ್ರಮೇಯ ಇಲ್ಲಿ ನೆರವಾಗುತ್ತದೆ. 33 ಅಡಿಯ ಸರಪಳಿಯಲ್ಲಿ ಅಭಿಮುಖ ಬದುಗಳು ಮೂರು ಮೂರು, ಎರಡೆರಡು ಸರಪಳಿ ಬಂದವೆನ್ನೋಣ. ಒಂದು ಸರಪಳಿಯ ಚೌಕವೇ ಒಂದು ಗುಂಟೆಯಾದ್ದರಿಂದ, ಬದುಗಳನ್ನು ಗುಣಿಸಿ ಆರು ಗುಂಟೆಯೆಂದು ಬರೆಯುವ ಆತುರ ಸಹಜ. ಅದು ಗದ್ದೆ ಆಯತವಾಗಿದ್ದರೆ ಮಾತ್ರ ಸರಿ. ಉದ್ದದ ಬದುಗಳ ನಡುವಿನ ಲಂಬದೂರ ಒಂದೂವರೆ ಸರಪಳಿಯಾಗಿದ್ದರೆ ವಿಸ್ತೀರ್ಣ ನಾಲ್ಕೂವರೆ ಗುಂಟೆಯೇ ಹೊರತು ಹೆಚ್ಚಲ್ಲ.

ಆದ್ದರಿಂದ ಎರಡೂ ಕರ್ಣಗಳನ್ನು ಅಳೆಯಬೇಕು. ಅವು ಸಮವಾಗಿದ್ದರೆ, ಮೂರು ಬಾಹುಗಳ ಸಮತೆಯಿಂದ ಅಬಕ ಮತ್ತು ಡಕಬ ತ್ರಿಭುಜಗಳು ಸರ್ವಸಮವಾಗಿ, ಬ ಮತ್ತು ಕ ಶೃಂಗಗಳ ಕೋನಗಳು ಸಮವಾಗುತ್ತವೆ. ಅವುಗಳ ಮೊತ್ತ 180 ಡಿಗ್ರಿಯಾದ್ದರಿಂದ ಪ್ರತಿಯೊಂದೂ 90 ಡಿಗ್ರಿಯಾಗಿ ಗದ್ದೆ ಆಯತವೆಂದು ತೀರ್ಮಾನವಾಗುತ್ತದೆ. ಕರ್ಣಗಳು ಸಮವಲ್ಲದಿದ್ದರೆ, ಒಂದು ಬದುವಿನಿಂದ ಎದುರು ಬದುವಿಗೆ ಲಂಬವನ್ನು ಹಿಡಿದೇ ವಿಸ್ತೀರ್ಣವನ್ನು ಲೆಕ್ಕ ಹಾಕಬೇಕು.