ಬಿಲ್ಲೆಗಳ ಪಾಳಿ: ರೇಡಿಯೋ ಗುರುತಿನಲ್ಲಿ ಗೊಂದಲ ನಿವಾರಣೆ

ಕೊಲ್ಹಾಪುರದಿಂದ ಪುಣೆಯತ್ತ ಹೊರಟ ವಾಹನವು ಕಿಣಿ ಟೋಲ್ ನಾಕೆಯನ್ನು ಸಮೀಪಿಸಿದೊಡನೆ ಅದರ ಮುಂಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ತನ್ನ ಸಂಖ್ಯೆಯನ್ನು ಒಪ್ಪಿಸುತ್ತದೆ. ಗಡಹಿಂಗ್ಲಜದಿಂದ ಸಂಕೇಶ್ವರದ ಮಾರ್ಗವಾಗಿ ಬೆಳಗಾವಿಗೆ ಹೋಗುವವರಿಗೂ ಹತ್ತರಗಿ ನಾಕೆಯಲ್ಲಿ ಇದೇ ಅನುಭವವಾಗುತ್ತದೆ. 2021ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಕಡ್ಡಾಯವಾದ ಈ ಚೀಟಿಯಲ್ಲಿ ಬ್ಯಾಟರಿ ಇರುವುದಿಲ್ಲ. ನಾಕೆಯ ಯಂತ್ರವು 865–867 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಸೂಸುವ ಅಲೆಯಿಂದಲೇ ಶಕ್ತಿ ಪಡೆದು, ಅದೇ ಅಲೆಯನ್ನು ಬೇಕಾದಂತೆ ಪ್ರತಿಫಲಿಸಿ ಅದು ಉತ್ತರ ಕೊಡುತ್ತದೆ. ಆದರೆ ಹಿಂದಿನ ಲಾರಿಯ ಅಥವಾ ಪಕ್ಕದ ಸಾಲಿನ ಕಾರಿನ ಚೀಟಿಯೂ ಅದೇ ಕ್ಷಣದಲ್ಲಿ ಉತ್ತರಿಸಿದರೆ ಯಂತ್ರಕ್ಕೆ ಯಾವುದೂ ಸ್ಪಷ್ಟವಾಗದು.

ಇದನ್ನು ಕನ್ನಡದಲ್ಲಿ ವಿವರಿಸಹೊರಟಾಗ ಮೊದಲು ಎದುರಾಗುವುದು ಪದಗಳ ಪ್ರಶ್ನೆ. ಇಂಗ್ಲಿಷಿನ ‘ಕೊಲಿಜನ್’ ಎಂಬುದಕ್ಕೆ ‘ಡಿಕ್ಕಿ’ ಎಂದರೆ ತಪ್ಪು ಚಿತ್ರ ಮೂಡುತ್ತದೆ. ರೇಡಿಯೋ ಅಲೆಗಳು ಒಂದರೊಳಗೊಂದು ಹಾದು ಹೋಗುತ್ತವೆ, ಅವುಗಳಿಗೆ ಏಟು ಬೀಳುವುದಿಲ್ಲ. ಕೆಡುವುದು ಕೇಳುವವನ ತಿಳಿವು ಮಾತ್ರ. ಆದ್ದರಿಂದ ‘ಗೊಂದಲ’ ಎಂಬ ಪದವೇ ಹೆಚ್ಚು ಸಮರ್ಪಕ. ದೇವಿಯ ಗೊಂದಲವನ್ನು ಕಂಡುಬಲ್ಲ ಕೊಲ್ಹಾಪುರದ ವಿದ್ಯಾರ್ಥಿಗೆ ಅದು ಮರಾಠಿಯ ‘ಗೋಂಧಳ’ದ ಮೂಲಕವೂ ಪರಿಚಿತವೇ. ಹಾಗೆಯೇ ಟ್ಯಾಗ್‌ಗೆ ‘ಬಿಲ್ಲೆ’, ಓದುವ ಯಂತ್ರಕ್ಕೆ ‘ವಾಚಕ’, ಉತ್ತರಿಸಲು ಮೀಸಲಾದ ಚಿಕ್ಕ ಕಾಲಾವಧಿಗೆ ‘ಪಾಳಿ’ ಎನ್ನಬಹುದು. ಇಚಲಕರಂಜಿಯ ಮಗ್ಗದ ಕಾರ್ಮಿಕನಿಗೆ ಪಾಳಿ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಪಾರಿಭಾಷಿಕ ಕೋಶಗಳು ಸಂಸ್ಕೃತದಿಂದ ಟಂಕಿಸುವ ಉದ್ದನೆಯ ಪದಗಳಿಗಿಂತ ಗಡಿನಾಡಿನ ಎರಡೂ ಭಾಷೆಗಳಲ್ಲಿ ಬದುಕಿರುವ ಈ ಪದಗಳೇ ಪಾಠಕ್ಕೆ ಒದಗುತ್ತವೆ.

ಸಮಸ್ಯೆಯ ಬೇರು ಹೀಗಿದೆ: ಬಿಲ್ಲೆಗಳು ವಾಚಕದ ಪ್ರಬಲ ಧ್ವನಿಯನ್ನು ಮಾತ್ರ ಕೇಳಬಲ್ಲವು, ಪರಸ್ಪರರ ದುರ್ಬಲ ಉತ್ತರವನ್ನು ಕೇಳಲಾರವು. ಮಕ್ಕಳಿಗೆ ಗುರುವಿನ ಮಾತಷ್ಟೇ ಕೇಳಿಸುವ ಒಂದು ತರಗತಿಯನ್ನು ಊಹಿಸಿಕೊಳ್ಳಬಹುದು. ಪಕ್ಕದವನು ಮಾತನಾಡುತ್ತಿರುವುದು ಯಾರಿಗೂ ತಿಳಿಯದು. ಗುರುವಿಗೆ ಒಬ್ಬರ ಹೆಸರೂ ಗೊತ್ತಿಲ್ಲ, ಎಷ್ಟು ಮಂದಿ ಬಂದಿದ್ದಾರೆಂಬುದೂ ಗೊತ್ತಿಲ್ಲ. ಅಲ್ಲಿ ಹಾಜರಿ ಹಾಕುವ ಬಗೆ ಹೇಗೆ?

ಉತ್ತರದ ಬೀಜ ಹವಾಯಿ ದ್ವೀಪಗಳಲ್ಲಿದೆ. 1971ರಲ್ಲಿ ನಾರ್ಮನ್ ಏಬ್ರಮ್‌ಸನ್ ಮತ್ತು ಸಂಗಡಿಗರು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ‘ಅಲೋಹಾ’ ಜಾಲವನ್ನು ಆರಂಭಿಸಿದರು. ಕಳುಹಿಸಿದ ಸಂದೇಶಕ್ಕೆ ಸ್ವೀಕೃತಿ ಬಾರದಿದ್ದರೆ ಯಾದೃಚ್ಛಿಕ ಸಮಯ ಕಾದು ಮತ್ತೆ ಕಳುಹಿಸುವುದು ಅದರ ನಿಯಮ. ಈ ಕ್ರಮದಲ್ಲಿ ಕಾಲದ ಗರಿಷ್ಠ ಸದುಪಯೋಗ ಶೇ. 18ರಷ್ಟು. ಕಾಲವನ್ನು ಸಮಾನ ಪಾಳಿಗಳಾಗಿ ಕತ್ತರಿಸಿ, ಪಾಳಿಯ ಆರಂಭದಲ್ಲಿ ಮಾತ್ರ ಮಾತನಾಡಬೇಕೆಂದು ವಿಧಿಸಿದರೆ ಅದು ಇಮ್ಮಡಿಯಾಗಿ ಶೇ. 37ಕ್ಕೆ ಏರುತ್ತದೆ.

ಫಾಸ್ಟ್ಯಾಗ್ ಅನುಸರಿಸುವ 18000-6ಸಿ ಮಾನಕವು ಈ ಪಾಳಿ ಪದ್ಧತಿಯನ್ನೇ ಬಳಸುತ್ತದೆ. ವಾಚಕವು ‘ಕ್ಯೂ’ ಎಂಬ ಅಂಕಿಯೊಂದನ್ನು ಸಾರುತ್ತದೆ. ಅದು 3 ಆದರೆ ಪಾಳಿಗಳು ಎರಡರ ಮೂರನೆಯ ಘಾತ, ಅಂದರೆ 8. ಪ್ರತಿಯೊಂದು ಬಿಲ್ಲೆಯೂ 0ಯಿಂದ 7ರವರೆಗಿನ ಒಂದು ಸಂಖ್ಯೆಯನ್ನು ಚೀಟಿ ಎತ್ತಿದಂತೆ ಆರಿಸಿಕೊಳ್ಳುತ್ತದೆ. ವಾಚಕವು ‘ಮುಂದಿನದು’ ಎಂದಾಗಲೆಲ್ಲ ಅದರಿಂದ ಒಂದನ್ನು ಕಳೆಯುತ್ತದೆ. ಸೊನ್ನೆಗೆ ಇಳಿದ ಬಿಲ್ಲೆ ಉತ್ತರಿಸುತ್ತದೆ.

8 ಬಿಲ್ಲೆಗಳಿಗೆ 8 ಪಾಳಿಗಳಿದ್ದರೆ ಎಲ್ಲಕ್ಕೂ ಒಂದೊಂದು ದೊರಕೀತು ಎನಿಸುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಸರಾಸರಿಯಲ್ಲಿ ಸುಮಾರು 3 ಪಾಳಿಗಳಲ್ಲಿ ಒಂದೇ ಬಿಲ್ಲೆಯ ಸ್ಪಷ್ಟ ಉತ್ತರ ಬರುತ್ತದೆ, ಸುಮಾರು 3 ಖಾಲಿ ಉಳಿಯುತ್ತವೆ, ಉಳಿದ 2ರಲ್ಲಿ ಗೊಂದಲ. ಪಾಳಿಗಳನ್ನು 4ಕ್ಕೆ ಇಳಿಸಿದರೆ ಸ್ಪಷ್ಟ ಉತ್ತರ ಸರಾಸರಿ ಒಂದಷ್ಟೇ. 32ಕ್ಕೆ ಏರಿಸಿದರೆ ಆರಕ್ಕೂ ಹೆಚ್ಚು ಬಿಲ್ಲೆಗಳು ಓದಿಗೆ ಸಿಗುತ್ತವೆ, ಆದರೆ ಸುಮಾರು 25 ಪಾಳಿಗಳು ಮೌನದಲ್ಲಿ ಕಳೆಯುತ್ತವೆ. ಬಿಲ್ಲೆಗಳ ಎಣಿಕೆಯಷ್ಟೇ ಪಾಳಿಗಳಿರುವುದು ಉತ್ತಮ. ಆ ಎಣಿಕೆಯೇ ವಾಚಕಕ್ಕೆ ತಿಳಿಯದು. ಹೀಗಾಗಿ ಅದು ಗೊಂದಲ ಹೆಚ್ಚಿದಾಗ ಕ್ಯೂ ಅಂಕಿಯನ್ನು ಏರಿಸುತ್ತ, ಮೌನ ಹೆಚ್ಚಿದಾಗ ಇಳಿಸುತ್ತ ಹೋಗುತ್ತದೆ. ಟೋಲ್ ನಾಕೆಯಲ್ಲಿ ಎದುರಾಗುವ ಬಿಲ್ಲೆಗಳು ಕೆಲವೇ, ಚಿಕ್ಕ ಅಂಕಿ ಸಾಕು. ಇಚಲಕರಂಜಿಯ ಬಟ್ಟೆಯ ಗೋದಾಮಿನಲ್ಲಿ ನೂರಾರು ಥಾನುಗಳಿಗೆ ಬಿಲ್ಲೆ ಕಟ್ಟಿ ಒಟ್ಟಿಗೆ ಓದಿಸುವುದಾದರೆ ಅಂಕಿ 8 ಅಥವಾ 9ರವರೆಗೆ ಏರಬೇಕಾದೀತು.

ಇನ್ನೊಂದು ಜಾಣ್ಮೆಯೂ ಇಲ್ಲಿದೆ. ಬಿಲ್ಲೆಯು ಮೊದಲು ತನ್ನ ದೀರ್ಘ ಗುರುತನ್ನು ಹೇಳುವುದಿಲ್ಲ. 16 ದ್ವಿಮಾನ ಅಂಕಿಗಳ ಒಂದು ತಾತ್ಕಾಲಿಕ ಸಂಖ್ಯೆಯನ್ನಷ್ಟೇ ಕಳುಹಿಸುತ್ತದೆ. ವಾಚಕವು ಅದನ್ನೇ ಮರುನುಡಿದರೆ ಮಾತ್ರ, ಸಾಮಾನ್ಯವಾಗಿ 96 ಅಂಕಿಗಳಿರುವ ಪೂರ್ಣ ಗುರುತನ್ನು ಒಪ್ಪಿಸುತ್ತದೆ. ಗೊಂದಲವಾದರೂ ನಷ್ಟವಾಗುವುದು ಚಿಕ್ಕ ಮಾತೇ.

ಅದೃಷ್ಟವನ್ನು ನೆಚ್ಚದ ವೃಕ್ಷಕ್ರಮವೂ ಉಂಟು. ‘0ಯಿಂದ ಆರಂಭವಾಗುವವರು ಹೇಳಿ’ ಎಂದು ವಾಚಕವು ಕೇಳುತ್ತದೆ. ಗೊಂದಲವಾದರೆ ‘00’, ಅನಂತರ ‘01’ ಎಂದು ಕವಲೊಡೆಯುತ್ತ ಒಂದೇ ಬಿಲ್ಲೆ ಉಳಿಯುವವರೆಗೆ ಇಳಿಯುತ್ತದೆ. ಇದರಲ್ಲಿ ಯಾವ ಬಿಲ್ಲೆಯೂ ತಪ್ಪಿಹೋಗದು. ಆದರೆ ಗುರುತುಗಳ ಆರಂಭದ ಅಂಕಿಗಳು ಒಂದೇ ಆಗಿದ್ದರೆ ಬಹಳ ಆಳಕ್ಕೆ ಇಳಿಯಬೇಕಾಗುತ್ತದೆ. ಒಂದೇ ಗಿರಣಿಯ ಥಾನುಗಳಿಗೆ ಅನುಕ್ರಮ ಸಂಖ್ಯೆ ಕೊಟ್ಟಾಗ ಆಗುವುದು ಇದೇ.

ಓದಿಸಿಕೊಂಡ ಬಿಲ್ಲೆ ಮತ್ತೆ ಮತ್ತೆ ಉತ್ತರಿಸಿ ಪಾಳಿ ಕಬಳಿಸಬಾರದಲ್ಲ. ಅದಕ್ಕಾಗಿ ಪ್ರತಿ ಬಿಲ್ಲೆಯೊಳಗೂ ‘ಎ’ ಮತ್ತು ‘ಬಿ’ ಎಂಬ ಎರಡು ಸ್ಥಿತಿಗಳ ಪುಟ್ಟ ನೆನಪಿದೆ. ಓದಿದ ಬಳಿಕ ಅದು ‘ಬಿ’ಗೆ ಹೊರಳುತ್ತದೆ, ‘ಎ’ ಸ್ಥಿತಿಯವರನ್ನಷ್ಟೇ ಕರೆಯುತ್ತಿರುವ ವಾಚಕಕ್ಕೆ ಅದು ಉತ್ತರಿಸದು. ಈ ನೆನಪಿನ ಒಂದು ಬಗೆ ಅರ್ಧ ಸೆಕೆಂಡಿನಿಂದ 5 ಸೆಕೆಂಡುಗಳ ನಡುವೆ ತಾನಾಗಿ ಅಳಿಯುತ್ತದೆ. ಬಳಿಕ ಬಿಲ್ಲೆ ‘ಎ’ಗೆ ಮರಳಿ, ಮುಂದಿನ ಕರೆಗೆ ಹೊಸದಾಗಿ ಚೀಟಿ ಎತ್ತುತ್ತದೆ.