ಇ-ಕಲಿಕೆ ಎಂದರೆ ಯಾವುದು?

ಸಂವಿಧಾನದ 11ನೇ ಅನುಸೂಚಿಯ ವಿಷಯಪಟ್ಟಿಯಲ್ಲಿ ಪ್ರಾಥಮಿಕ ಹಾಗೂ ಪ್ರೌಢಶಾಲಾ ಶಿಕ್ಷಣವೂ ಸೇರಿದೆ. ಆದುದರಿಂದ ಶಾಲೆಗೆ ಸ್ಮಾರ್ಟ್ ಟಿವಿ ಒದಗಿಸಿದೊಡನೆ ಸದಸ್ಯರ ಹೊಣೆ ಮುಗಿಯುವುದಿಲ್ಲ.

ವಿಡಿಯೊ ಹಾಕಿ ಮಕ್ಕಳನ್ನು ಸುಮ್ಮನೆ ಕೂರಿಸುವುದು ಪ್ರದರ್ಶನವೇ ಹೊರತು ಇ-ಕಲಿಕೆಯಲ್ಲ. ಭಿನ್ನರಾಶಿಯ ಪಾಠವನ್ನೇ ನೋಡಿ. ಶಿಕ್ಷಕರು ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ, 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯ ವಿಡಿಯೊ ತೋರಿಸುತ್ತಾರೆ. ನಡುವೆ ನಿಲ್ಲಿಸಿ ಪ್ರಶ್ನಿಸುತ್ತಾರೆ. ಅರ್ಧಕ್ಕಿಂತ ಮೂರನೇ ಒಂದು ಭಾಗವೇ ದೊಡ್ಡದೆನ್ನುವ ಮಗುವಿಗೆ ಕಾಗದ ಮಡಿಸಿ ಮತ್ತೆ ವಿವರಿಸುತ್ತಾರೆ. ಇದು ಇ-ಕಲಿಕೆ.

ಶಾಲಾ ಭೇಟಿಯಲ್ಲಿ ಕೇಳಬೇಕಾದ ಪ್ರಶ್ನೆಗಳು:
1. ಕಳೆದ ವಾರ ಉಪಕರಣವು ಯಾವ ಪಾಠಕ್ಕೆ ಬಳಕೆಯಾಯಿತು?
2. ಮಕ್ಕಳ ತಪ್ಪುಗಳನ್ನು ಹೇಗೆ ತಿದ್ದಲಾಯಿತು?
3. ವಿದ್ಯುತ್ ಇಲ್ಲದಾಗ ಬದಲಿ ವ್ಯವಸ್ಥೆ ಏನು?

ಮನೆಯಲ್ಲಿ ಮೊಬೈಲ್ ಇಲ್ಲದ ಮಗುವಿಗೆ ಅರಿವು ಕೇಂದ್ರದ ಕಂಪ್ಯೂಟರ್ ದೊರಕುವಂತೆ ಮಾಡುವುದು ಗ್ರಾಮ ಪಂಚಾಯತಿಯ ಕೈಯಲ್ಲಿದೆ.