ಧೂಪಾರತಿಯ ಎರಡು ಬೆಲೆ

ಹಳೆಯ ಧೂಪಾರತಿಗೆ ಪೇಟೆಯಲ್ಲಿ ಎರಡು ಬೆಲೆ: ಒಂದು ತಕ್ಕಡಿಯದು, ಇನ್ನೊಂದು ವಯಸ್ಸಿನದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಹಳೆಯ ಮನೆಗಳಲ್ಲಿ ವಾಟ್ನಿಯ ಹೊತ್ತಿಗೆ ಧೂಪಾರತಿ, ಊದದಾನಿ, ಗಂಟೆ, ಸಮೆಗಳೆಲ್ಲ ಅಟ್ಟದಿಂದ ಕೆಳಗಿಳಿಯುತ್ತವೆ. ಹೆಚ್ಚಿನವು ಸೇರುವುದು ಮೋಡಕಾ ಅಂಗಡಿಯನ್ನು. ಅಲ್ಲಿ ಸಿಗುವುದು ಮೊದಲ ಬೆಲೆಯಷ್ಟೇ. ಎಲ್ಲಮ್ಮನ ಗುಡ್ಡವೂ ಗೊಡಚಿಯ ವೀರಭದ್ರನೂ ಇರುವ ಸೀಮೆಯಲ್ಲಿ ಧೂಪಕ್ಕೆ, ಗುಗ್ಗಳಕ್ಕೆ ಬರವಿಲ್ಲ; ಅದರ ಸಾಮಾನಿಗೂ ಇಲ್ಲ. ಬರೀ ಹಳೆಯದೆಂಬ ಕಾರಣಕ್ಕೆ ಬೆಲೆ ಏರುವುದಿಲ್ಲ.

ತಕ್ಕಡಿಯ ಬೆಲೆ ಲೋಹದ್ದು. ಕಂಚು ತಾಮ್ರ-ತವರದ ಬೆರಕೆ, ಹಿತ್ತಾಳೆ ತಾಮ್ರ-ಸತುವಿನದು. ತವರ ಸತುವಿಗಿಂತ ಹಲವು ಪಟ್ಟು ತುಟ್ಟಿ. ಕಂಚನ್ನು ಹಿತ್ತಾಳೆಯ ರಾಶಿಗೆ ಹಾಕಿ ತೂಗಿಸಿದರೆ ಲುಕ್ಸಾನು ಮಾರುವವರಿಗೇ.

ವಯಸ್ಸಿನ ಬೆಲೆಗೆ ಸಾಕ್ಷಿ ಬೇಕು. ಚೀನಾದಲ್ಲಿ ಮಿಂಗ್ ಮನೆತನದ ಷ್ವಾಂಡೆ ದೊರೆಯ (1426–1435) ಮುದ್ರೆ ಹೊತ್ತ ಧೂಪಪಾತ್ರೆಗಳು ಲೆಕ್ಕವಿಲ್ಲದಷ್ಟಿವೆ. ಬಹುಪಾಲು ಎಷ್ಟೋ ತಲೆಮಾರುಗಳ ನಂತರ ಎರಕ ಹೊಯ್ದವು, ಕಂಚೆಂದು ಹೆಸರಾದ ಹಲವು ನಿಜಕ್ಕೂ ಹಿತ್ತಾಳೆ. ಮುದ್ರೆಯೊಂದನ್ನೇ ನಂಬಿ ದುಡ್ಡು ಸುರಿಯುವವರು ಅಲ್ಲಿಯೂ ಕಡಿಮೆಯಿಲ್ಲ. ಬೆಳಗಾವಿ ಸೀಮೆಯ ಸಾಮಾನಿಗೆ ರಾಜಮುದ್ರೆಯಿಲ್ಲ, ಚುಕ್ಕೆ ಹೊಡೆಸಿದ ಹೆಸರಿದೆ. ಈ ಅಂಕಣಕಾರರ ಮನೆಯ ಧೂಪಾರತಿಯ ಅಂಚಿನಲ್ಲಿ ಅಜ್ಜಿಯ ಹೆಸರು, ತವರೂರಿನ ಮೊದಲಕ್ಷರ ಇವೆ. ಹಿಡಿ ಕೂಡುವಲ್ಲಿ ಹಳೆಯ ಬೆಸುಗೆ, ಒಳಗೆ ಊದಿನ ಕರಿ ಅಂಟಾಗಿ ಕೂತಿದೆ. ಕೇಳಲು ಬಂದ ವ್ಯಾಪಾರಿ ಮೊದಲು ಹೇಳಿದ್ದು, ಹುಣಸೆಹಣ್ಣು ಹಚ್ಚಿ ಬೆಳಗಿ ಇಡಿ ಎಂದು. ಹಾಗೆ ಹೇಳುವವನು ಕಿಲೋ ಲೆಕ್ಕದವನು. ಸಂಗ್ರಹಕಾರರಿಗೆ ಆ ಕರಿ, ಸವೆತ, ಬೆಸುಗೆ ಇದ್ದ ಹಾಗೇ ಇರಬೇಕು.

ಕಾನೂನಿನ ತೊಡಕೂ ಇದೆ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಲೋಹದ ವಿಗ್ರಹವಾದರೆ ನೋಂದಣಿಯೂ ಬೇಕು. ಹಾಗಾಗಿ ಲಂಡನ್ನಿನ ಹರಾಜಿನ ಬೆಲೆಯನ್ನು ಮೊಬೈಲಿನಲ್ಲಿ ನೋಡಿ ಬೈಲಹೊಂಗಲದಲ್ಲಿ ಲೆಕ್ಕ ಹಾಕಿ ಉಪಯೋಗವಿಲ್ಲ. ಹೊಲ ಉಳುವಾಗಲೋ ಗೋಡೆ ಕೆಡವುವಾಗಲೋ ಸಿಕ್ಕಿದ್ದಾದರೆ ಮಾತೇ ಬೇರೆ: ಅದು ನಿಧಿ, ಸರ್ಕಾರಕ್ಕೆ ತಿಳಿಸದೆ ಇಟ್ಟುಕೊಳ್ಳುವಂತಿಲ್ಲ.

ಇನ್ನು ತೆರಿಗೆ. ದಿನದ ಪೂಜೆಗೆ ಬಳಸುವ ಹಿತ್ತಾಳೆ ಧೂಪಾರತಿ ಸ್ವಂತ ಬಳಕೆಯ ವಸ್ತು. ಮಾರಿದ ಲಾಭಕ್ಕೆ ತೆರಿಗೆಯಿಲ್ಲ. ಕಲಾಕೃತಿಯೆಂದು ಮಾರಿದರೆ ಅದು ಬಂಡವಾಳ ಲಾಭ. 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡದ್ದಕ್ಕೆ 2024ರ ಜುಲೈ 23ರಿಂದ ಶೇ. 12.5. ಹಿರಿಯರಿಂದ ಬಂದದ್ದಾದರೆ ಅವಧಿಯ ಲೆಕ್ಕ ಅವರ ಕಾಲದಿಂದಲೇ ಶುರು. 2001ರ ಏಪ್ರಿಲ್ 1ಕ್ಕಿಂತ ಮೊದಲಿನದಕ್ಕೆ ಆ ದಿನದ ಪೇಟೆ ಬೆಲೆಯನ್ನೇ ಅಸಲೆಂದು ಹಿಡಿಯಬಹುದು. ಅದನ್ನು ತೋರಿಸಲು ಮೌಲ್ಯಮಾಪಕರ ವರದಿ ಬೇಕಾಗುತ್ತದೆ, ಸಣ್ಣ ಧೂಪಾರತಿಯಾದರೆ ಅವರ ಫೀ ಲೋಹದ ಬೆಲೆಯನ್ನೂ ಮೀರಬಹುದು.